ಮಗಳಿಗೆ ಒಸಿಡಿ, ಮಾತ್ರೆ ಶುರುವಾಗಿದೆ: ಮನೆಯಲ್ಲಿ ನಾವೇನು ಮಾಡಬೇಕು?

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ತನ್ನಿಂದ ತಮ್ಮನಿಗೆ ಏನೋ ಕೆಟ್ಟದ್ದಾಗುತ್ತದೆ ಎಂಬ ಹೆದರಿಕೆ ಒಂದು ವರ್ಷದಿಂದ ಅವಳನ್ನು ಹಿಡಿದುಬಿಟ್ಟಿದೆ. ಮಲಗುವ ಹೊತ್ತಿಗೆ "ಅಮ್ಮಾ, ತಮ್ಮಂಗೆ ಏನೂ ಆಗಲ್ಲ ಅಲ್ವಾ? ನಾನು ಏನೂ ಮಾಡಲ್ಲ ಅಲ್ವಾ?" ಎಂದು ಶುರು ಮಾಡಿದರೆ ಮೂವತ್ತು ನಲವತ್ತು ಸಲ ಕೇಳುತ್ತಾಳೆ. ನಾನು "ಇಲ್ಲ ಪುಟ್ಟಾ" ಎಂದು ಪ್ರತಿ ಸಲವೂ ಅದೇ ದನಿಯಲ್ಲಿ ಹೇಳಬೇಕು. ದನಿ ಸ್ವಲ್ಪ ಬದಲಾದರೂ ಮತ್ತೆ ಮೊದಲಿಂದ. ಬಾಗಿಲ ಚಿಲಕವನ್ನು ನಾಲ್ಕು ನಾಲ್ಕು ಸಲ ಮುಟ್ಟುತ್ತಾಳೆ. ಅವಳೇ ಅತ್ತು ಕೇಳಿಕೊಂಡಳೆಂದು ಚಾಕು, ಕತ್ತರಿ ಎಲ್ಲ ಬಚ್ಚಿಟ್ಟಿದ್ದೇನೆ. ಮಕ್ಕಳ ಮನೋವೈದ್ಯರು ಒಸಿಡಿ, ಅಂದರೆ ಗೀಳು ಕಾಯಿಲೆ, ಎಂದರು. ಸೆರ್ಟ್ರಾಲಿನ್ 25 ಮಿ.ಗ್ರಾಂ ಶುರು ಮಾಡಿ, ಎರಡು ವಾರದ ಮೇಲೆ 50ಕ್ಕೆ ಏರಿಸಿದರು. 50 ಶುರುವಾಗಿ ಮೂರು ವಾರ ಆಯಿತು. ಏನೂ ಕಡಿಮೆ ಆದ ಹಾಗೆ ಕಾಣುತ್ತಿಲ್ಲ. ಮೊದಲು ಇದ್ದ ಹೊಟ್ಟೆನೋವು ಹೋಗಿದೆ, ಆದರೆ ಒಂದು ವಾರದಿಂದ ಚಡಪಡಿಕೆ ಜಾಸ್ತಿ, ನಿದ್ದೆ ಬರುವುದು ತಡ. ನಮ್ಮ ಮನೆಯವರು "ಇಷ್ಟು ಚಿಕ್ಕ ಮಗುವಿಗೆ ಇಂಥ ಮಾತ್ರೆ ಬೇಡ, ಅಭ್ಯಾಸ ಆಗಿಬಿಡುತ್ತೆ" ಅಂತಾರೆ. ಹೆದರಿಕೊಂಡು ಎರಡು ದಿನದಿಂದ ಮಾತ್ರೆ ಕೊಟ್ಟಿಲ್ಲ. ಡಾಕ್ಟರಿಗೂ ಹೇಳಿಲ್ಲ. ತಪ್ಪು ಮಾಡಿದೆನಾ? ಎಷ್ಟು ದಿನ ಕೊಡಬೇಕು? "ನಾನು ಯಾವಾಗ ಮಾತ್ರೆ ಬಿಡೋದು" ಎಂದು ಅವಳೂ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಮೊದಲು ಆ ಎರಡು ದಿನದ ವಿಷಯ ಮುಗಿಸಿಬಿಡೋಣ. ಅದು ನಿಮ್ಮ ಮನಸ್ಸನ್ನು ಕೊರೆಯುತ್ತಿದೆ ಎಂದು ಗೊತ್ತಾಗುತ್ತದೆ. ಹೆದರಿ ಮಾತ್ರೆ ನಿಲ್ಲಿಸಿದ ತಾಯಿ ನೀವೊಬ್ಬರೇ ಅಲ್ಲ. ಎರಡು ದಿನ ತಪ್ಪಿದ್ದರಿಂದ ದೊಡ್ಡ ಅನಾಹುತವೇನೂ ಆಗಿಲ್ಲ. ಆದರೆ ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಎರಡು ಮಾತು ಹೇಳಿ: ಮಾತ್ರೆ ಎರಡು ದಿನ ತಪ್ಪಿದೆ, ಅದಕ್ಕೂ ಮುಂಚೆಯಿಂದ ಚಡಪಡಿಕೆ ಇದೆ. ಎರಡು ದಿನ ತಪ್ಪಿದ್ದರೆ ಸಾಮಾನ್ಯವಾಗಿ ಅದೇ ಡೋಸ್ ಮುಂದುವರಿಸಿ ಎನ್ನುತ್ತಾರೆ. ಆದರೆ ಈ ಚಡಪಡಿಕೆ ಇರುವುದರಿಂದ ಸ್ವಲ್ಪ ಇಳಿಸಬೇಕಾ, ಹಾಗೇ ಇಡಬೇಕಾ ಅನ್ನುವುದನ್ನು ಮಗುವನ್ನು ನೋಡಿದವರೇ ಹೇಳಬೇಕು. ತಪ್ಪಿದ ಮಾತ್ರೆಗಳನ್ನು ಸೇರಿಸಿ ಒಟ್ಟಿಗೆ ಕೊಡಬೇಡಿ.

ಡಾಕ್ಟರು ಬೈಯುತ್ತಾರೆ ಎಂದು ಮುಚ್ಚಿಟ್ಟರೆ ಏನಾಗುತ್ತದೆ ಗೊತ್ತಾ? ಮುಂದಿನ ಸಲ ಅವರು "50 ಸಾಕಾಗಿಲ್ಲ" ಎಂದುಕೊಂಡು ಡೋಸ್ ಏರಿಸುತ್ತಾರೆ. ತಪ್ಪು ಲೆಕ್ಕದ ಮೇಲೆ ಇನ್ನೊಂದು ಲೆಕ್ಕ. ಔಷಧ ಕೆಲಸ ಮಾಡಲಿಲ್ಲ ಅನ್ನುವುದು ಬೇರೆ, ಔಷಧ ಹೊಟ್ಟೆಗೆ ಹೋಗಲಿಲ್ಲ ಅನ್ನುವುದು ಬೇರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಈಗ ಚಡಪಡಿಕೆಗೆ ಬರೋಣ. ಸೆರ್ಟ್ರಾಲಿನ್ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಔಷಧ. ಈ ಗುಂಪಿನ ಔಷಧ ಶುರು ಮಾಡಿದಾಗ ಅಥವಾ ಡೋಸ್ ಏರಿಸಿದಾಗ, ಮೊದಲ ಕೆಲವು ವಾರಗಳಲ್ಲಿ, ಕೆಲವು ಮಕ್ಕಳಲ್ಲಿ ಒಂಥರಾ ಅತಿಚುರುಕು ಕಾಣಿಸಿಕೊಳ್ಳುತ್ತದೆ. ಕೂತಲ್ಲಿ ಕೂರಲ್ಲ, ಮಾತು ಜಾಸ್ತಿ, ಸಣ್ಣದಕ್ಕೂ ಸಿಡುಕು, ನಿದ್ದೆ ದೂರ. ದೊಡ್ಡವರಿಗಿಂತ ಚಿಕ್ಕ ಮಕ್ಕಳಲ್ಲಿ ಇದು ಜಾಸ್ತಿ. ಹೆಚ್ಚಿನ ಸಲ ಡೋಸ್ ಸ್ವಲ್ಪ ಇಳಿಸಿದರೆ ಅಥವಾ ನಿಧಾನವಾಗಿ ಏರಿಸಿದರೆ ಸರಿ ಹೋಗುತ್ತದೆ. ರಾತ್ರಿ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಲು ಹೇಳಬಹುದು. "ಈ ಔಷಧ ನನ್ನ ಮಗಳಿಗೆ ಆಗಿಬರಲ್ಲ" ಎಂದು ಈಗಲೇ ತೀರ್ಮಾನಿಸಬೇಡಿ.

ಆದರೆ ಕೆಲವು ಲಕ್ಷಣ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು, ಅವತ್ತೇ ಕರೆ ಮಾಡಬೇಕು. ಮೂರು ನಾಲ್ಕು ತಾಸು ಮಲಗಿಯೂ ಸುಸ್ತೇ ಇಲ್ಲದೆ ಕುಣಿಯುತ್ತಿದ್ದರೆ. ಯಾವತ್ತೂ ಇಲ್ಲದ ಹಾಗೆ ಅಪಾಯದ ಕೆಲಸಕ್ಕೆ ಕೈ ಹಾಕಿದರೆ. "ನಾನು ಇರಲೇಬಾರದಿತ್ತು", "ಸತ್ತು ಹೋಗಬೇಕು" ಎಂಬಂಥ ಮಾತು ಬಂದರೆ, ಅಥವಾ ತನಗೆ ತಾನೇ ನೋವು ಮಾಡಿಕೊಂಡರೆ. ಜೋರು ಜ್ವರ, ಮೈ ನಡುಕ, ಗೊಂದಲ, ಮಾಂಸಖಂಡ ಸೆಟೆದುಕೊಳ್ಳುವುದು ಒಟ್ಟಿಗೆ ಬಂದರೆ ಸೀದಾ ಆಸ್ಪತ್ರೆಗೆ ಹೋಗಿ.

ಸಾಯುವ ಮಾತಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಟರ್‌ನೆಟ್ಟಿನಲ್ಲಿ ಅರ್ಧಂಬರ್ಧ ಓದಿ ಹೆದರುವವರು ಬಹಳ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಔಷಧಗಳ ಜೊತೆ ಬರುವ ಮಾಹಿತಿ ಪತ್ರದಲ್ಲಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿತು. ಮಕ್ಕಳ ಮೇಲೆ ನಡೆದ 24 ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ಆ ಥರದ ನಡವಳಿಕೆ ಔಷಧ ತೆಗೆದುಕೊಂಡವರಲ್ಲಿ ಸುಮಾರು 100ಕ್ಕೆ 4, ಬರೀ ಸಕ್ಕರೆ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 100ಕ್ಕೆ 2 ಇತ್ತು. ಆ ಪ್ರಯೋಗಗಳಲ್ಲಿ ಒಂದು ಮಗುವೂ ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ಅಪಾಯ ಸಣ್ಣದು, ಆದರೆ ಇದೆ. ಅದಕ್ಕೇ ಮೊದಲ ವಾರಗಳಲ್ಲಿ ಮತ್ತು ಪ್ರತಿ ಸಲ ಡೋಸ್ ಬದಲಾದಾಗ ಮಗುವಿನ ಮೇಲೆ ಹತ್ತಿರದಿಂದ ಕಣ್ಣಿಡಬೇಕು. "ನಿಂಗೆ ಬದುಕೋದೇ ಬೇಡ ಅನ್ನಿಸುತ್ತಾ ಪುಟ್ಟಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಸದಾಗಿ ಬರುವುದಿಲ್ಲ. ಕೇಳದಿದ್ದರೆ ಮಗು ಒಬ್ಬಳೇ ಅದನ್ನು ಹೊತ್ತುಕೊಂಡಿರುತ್ತಾಳೆ.

ಮೂರು ವಾರದಲ್ಲಿ ಏನೂ ಕಡಿಮೆ ಆಗಿಲ್ಲ ಎಂದಿರಿ. ಆಗಿರಲಿಕ್ಕೂ ಇಲ್ಲ. ಇದು ಜ್ವರದ ಮಾತ್ರೆಯ ಹಾಗಲ್ಲ. ಒಸಿಡಿಯಲ್ಲಿ ಈ ಔಷಧ ಕೆಲಸ ಮಾಡಿತಾ ಇಲ್ಲವಾ ಎಂದು ಹೇಳಲು 10ರಿಂದ 12 ವಾರ ಬೇಕು, ಅದೂ ಸಾಕಷ್ಟು ಡೋಸಿನಲ್ಲಿ. ಖಿನ್ನತೆಗೆ ಸಾಕಾಗುವ ಡೋಸ್ ಒಸಿಡಿಗೆ ಬಹಳ ಸಲ ಸಾಕಾಗುವುದಿಲ್ಲ. ಸೆರ್ಟ್ರಾಲಿನ್ ಅನ್ನು 6 ವರ್ಷದ ಮೇಲಿನ ಮಕ್ಕಳ ಒಸಿಡಿಗೆ ಕೊಡಬಹುದು, ಚಿಕ್ಕವರಿಗೆ ದಿನಕ್ಕೆ 25ರಿಂದ ಶುರು ಮಾಡಿ, ಬೇಕಾದರೆ 200 ಮಿ.ಗ್ರಾಂವರೆಗೆ ಹೋಗುತ್ತಾರೆ. ಹಾಗಾಗಿ 50ರಿಂದ ಮುಂದೆ ಏರಿಸೋಣ ಎಂದು ಡಾಕ್ಟರು ಹೇಳಿದರೆ "ಕಾಯಿಲೆ ಕೈಮೀರಿದೆ" ಎಂದು ಅರ್ಥ ಮಾಡಿಕೊಳ್ಳಬೇಡಿ. ಅದು ಈ ಕಾಯಿಲೆಯ ಮಾಮೂಲಿ ದಾರಿ.

ಇನ್ನೊಂದು ವಿಷಯ. ಸುಧಾರಣೆ ಬರುವಾಗ ನೀವು ಕಾಯುತ್ತಿರುವ ಬಾಗಿಲಿನಿಂದ ಬರುವುದಿಲ್ಲ. ನೀವು ನಲವತ್ತು ಪ್ರಶ್ನೆ ಇಪ್ಪತ್ತಾಗಲಿ ಎಂದು ಎಣಿಸುತ್ತಾ ಕೂತಿರುತ್ತೀರಿ. ಬಹಳ ಸಲ ಎಣಿಕೆ ಆಮೇಲೆ ಇಳಿಯುತ್ತದೆ. ಅದಕ್ಕೂ ಮುಂಚೆ ಅಳು ಕಡಿಮೆಯಾಗುತ್ತದೆ. ಉತ್ತರ ಸಿಗಲು ಐದು ನಿಮಿಷ ತಡವಾದರೆ ಮೊದಲಿನಷ್ಟು ಒದ್ದಾಡುವುದಿಲ್ಲ. ಚಿಲಕ ಮುಟ್ಟಿ ಮೂರನೆಯ ಸಲಕ್ಕೇ ಯಾರೋ ಕರೆದರೆ, ಅರ್ಧಕ್ಕೆ ಬಿಟ್ಟು ಬರುತ್ತಾಳೆ. ಅರ್ಧಕ್ಕೆ ಬಿಟ್ಟು ಬಂದಳು ಅನ್ನುವುದೇ ದೊಡ್ಡ ಸುದ್ದಿ. ಹಾಗೆ ಆದ ದಿನ ಬರೆದಿಟ್ಟುಕೊಳ್ಳಿ.

ಬರೆಯುವುದಕ್ಕೆ ಒಂದು ಸಣ್ಣ ಪುಸ್ತಕ ಇಡಿ. ದಿನಕ್ಕೆ ಎರಡು ಸಾಲು ಸಾಕು. ಮಾತ್ರೆ ಎಷ್ಟು ಗಂಟೆಗೆ ಹೋಯಿತು, ನಿದ್ದೆ ಎಷ್ಟು, ರಾತ್ರಿಯ ಪ್ರಶ್ನೆಗಳಿಗೆ ಎಷ್ಟು ನಿಮಿಷ ಹೋಯಿತು, ಹೊಸದಾಗಿ ಏನು ಕಂಡಿತು. ಇದು ಅವಳ ಎದುರು ಬೇಡ. ಲೆಕ್ಕ ಇಡುತ್ತಿದ್ದಾರೆ ಎಂದು ಗೊತ್ತಾದರೆ ಆ ಲೆಕ್ಕವೇ ಅವಳಿಗೆ ಇನ್ನೊಂದು ಗೀಳಾಗಬಹುದು. ಡಾಕ್ಟರು ಒಸಿಡಿಯನ್ನು ಅಳೆಯುವ ಮಾಪಕದಲ್ಲಿ 0ರಿಂದ 40ರವರೆಗೆ ಅಂಕ ಇರುತ್ತದೆ. ಅದರಲ್ಲಿ ಕೇಳುವುದೂ ಹೆಚ್ಚುಕಡಿಮೆ ಇವೇ: ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಎಷ್ಟು ಸಂಕಟ, ಶಾಲೆ ಮನೆಗೆ ಎಷ್ಟು ಅಡ್ಡಿ, ತಡೆಯಲು ಪ್ರಯತ್ನ ಪಡುತ್ತಾಳಾ, ತಡೆದರೆ ನಿಲ್ಲುತ್ತದಾ. ನಿಮ್ಮ ಎರಡು ಸಾಲು ಅವರಿಗೆ ಹತ್ತು ನಿಮಿಷದ ಮಾತಿಗಿಂತ ಜಾಸ್ತಿ ಹೇಳುತ್ತದೆ.

ನಿಮ್ಮ ಯಜಮಾನರ ಮಾತಿಗೂ ಉತ್ತರ ಕೊಡಬೇಕು. ಅವರ ಹೆದರಿಕೆ ತಪ್ಪಲ್ಲ. ಚಿಕ್ಕ ಮಗುವಿಗೆ ದಿನಾ ಮಾತ್ರೆ ಎಂದರೆ ಯಾವ ಅಪ್ಪನಿಗೂ ಕಸಿವಿಸಿ ಆಗುತ್ತದೆ. ಆದರೆ 'ಅಭ್ಯಾಸ' ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿದೆ. ಕುಡಿತದ ಹಾಗೆ ಬೇಕು ಬೇಕು ಅನ್ನಿಸುವುದು, ದಿನದಿನಕ್ಕೂ ಜಾಸ್ತಿ ಬೇಕಾಗುವುದು, ಸಿಗದಿದ್ದರೆ ಹುಡುಕಿಕೊಂಡು ಹೋಗುವುದು, ಅದು ಈ ಔಷಧದಲ್ಲಿ ಇಲ್ಲ. ಆದರೆ ಮೈ ಈ ಔಷಧಕ್ಕೆ ಹೊಂದಿಕೊಂಡಿರುತ್ತದೆ, ಹಾಗಾಗಿ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಿರಿಕಿರಿ, ಅಳು, ಕೆಟ್ಟ ಕನಸು ಬರಬಹುದು. ತಂದೆತಾಯಿ ಅದನ್ನು ನೋಡಿ "ನೋಡಿದ್ಯಾ, ಅಭ್ಯಾಸ ಆಗಿಬಿಟ್ಟಿದೆ" ಅಂತಾರೆ, ಇಲ್ಲವೇ "ಕಾಯಿಲೆ ವಾಪಸ್ ಬಂತು" ಅಂತಾರೆ. ಎರಡೂ ಅಲ್ಲದಿರಬಹುದು. ಸೆರ್ಟ್ರಾಲಿನ್ ಒಂದು ದಿನದಲ್ಲಿ ರಕ್ತದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಎರಡು ಮೂರು ದಿನ ತಪ್ಪಿದರೆ ಕೆಲವರಿಗೆ ಗೊತ್ತಾಗುತ್ತದೆ. ನಿಧಾನವಾಗಿ ಇಳಿಸಿದರೆ ಈ ತೊಂದರೆ ಬಹಳ ಕಡಿಮೆ. ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಬಾಯಿಂದ ಕೇಳಿದ್ದಕ್ಕೂ ತಾವೇ ಕೇಳಿ ಉತ್ತರ ಪಡೆದದ್ದಕ್ಕೂ ವ್ಯತ್ಯಾಸ ಇದೆ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಅತಿ ಉತ್ಸಾಹ, ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ) ಇದ್ದರೆ ಅದನ್ನು ಆಗಲೇ ಹೇಳಿ, ಎಷ್ಟೇ ಮುಜುಗರ ಅನ್ನಿಸಿದರೂ. ಆ ಒಂದು ಮಾಹಿತಿ ಔಷಧದ ದಾರಿಯನ್ನೇ ಬದಲಿಸಬಹುದು.

ಇಷ್ಟು ಹೇಳಿ ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಮಾತ್ರೆಯ ಬಗ್ಗೆ ಮೂರು ನಾಲ್ಕು ಪ್ರಶ್ನೆ ಇವೆ. "ಇಲ್ಲ ಪುಟ್ಟಾ" ಎಂದು ನಲವತ್ತು ಸಲ ಹೇಳುವ ಬಗ್ಗೆ ಒಂದೂ ಇಲ್ಲ. ನನ್ನ ಕಣ್ಣು ನಿಂತದ್ದು ಅಲ್ಲೇ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 17 ವರ್ಷದ, ಒಸಿಡಿ ಇದ್ದ 112 ಮಕ್ಕಳನ್ನು ನಾಲ್ಕು ಗುಂಪು ಮಾಡಿ 12 ವಾರ ಚಿಕಿತ್ಸೆ ಕೊಟ್ಟರು. ಕಾಯಿಲೆ ಹತೋಟಿಗೆ ಬಂದದ್ದು ಬರೀ ಸೆರ್ಟ್ರಾಲಿನ್ ಕೊಟ್ಟವರಲ್ಲಿ ಸುಮಾರು 21%, ಬರೀ ಸಿಬಿಟಿ ಎಂಬ, ಯೋಚನೆ ನಡವಳಿಕೆಯನ್ನು ತಿದ್ದುವ ಥೆರಪಿ ಕೊಟ್ಟವರಲ್ಲಿ ಸುಮಾರು 39%, ಎರಡೂ ಕೊಟ್ಟವರಲ್ಲಿ ಸುಮಾರು 54%. ಸಕ್ಕರೆ ಮಾತ್ರೆಯವರಲ್ಲಿ 4%ಗಿಂತ ಕಡಿಮೆ. ಮಾತ್ರೆ ಕೆಲಸ ಮಾಡುತ್ತದೆ. ಆದರೆ ಒಂಟಿಯಾಗಿ ದುಡಿಯಲು ಬಿಟ್ಟರೆ ಅದರ ಕೈಯಲ್ಲಿ ಆಗುವುದು ಸ್ವಲ್ಪವೇ. ನಿಮ್ಮ ಮಗಳಿಗೆ ಥೆರಪಿ ಶುರುವಾಗಿದೆಯಾ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಇಆರ್‌ಪಿ ಮಾಡುವವರು ಯಾರಿದ್ದಾರೆ ಎಂದು ಡಾಕ್ಟರನ್ನು ಕೇಳಿ. ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅನ್ನುವುದರ ಚಿಕ್ಕ ಹೆಸರು ಅದು. ಹೆದರಿಕೆಯ ಎದುರು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವುದು, ಗೀಳು ಮಾಡು ಎಂದದ್ದನ್ನು ಮಾಡದೆ ಇರುವುದು. ಸಿಬಿಟಿಯಲ್ಲಿ ಒಸಿಡಿಗೆ ಗಟ್ಟಿಯಾಗಿ ಕೆಲಸ ಮಾಡುವ ಭಾಗ ಇದು. ಬರೀ ಕೂತು ಸಮಾಧಾನ ಹೇಳುವ ಕೌನ್ಸೆಲಿಂಗ್ ಇದಕ್ಕೆ ಸಾಕಾಗುವುದಿಲ್ಲ.

ನಿಮ್ಮ ಮಗಳ ತಲೆಯಲ್ಲಿ ಏನು ನಡೆಯುತ್ತಿದೆ ನೋಡಿ. "ನಾನು ತಮ್ಮಂಗೆ ಏನಾದ್ರೂ ಮಾಡಿಬಿಟ್ರೆ?" ಎಂಬ ಯೋಚನೆ ಬರುತ್ತದೆ. ಇಂಥ ಅಡ್ಡಾದಿಡ್ಡಿ ಯೋಚನೆ ಎಲ್ಲರಿಗೂ ಬರುತ್ತದೆ, ನಿಮಗೂ ನನಗೂ. ನಾವು ತಲೆ ಕೊಡವಿ ಮುಂದೆ ಹೋಗುತ್ತೇವೆ. ಅವಳಿಂದ ಅದು ಆಗುವುದಿಲ್ಲ, ಯೋಚನೆ ಅಂಟಿಕೊಳ್ಳುತ್ತದೆ. ಅವಳಿಗೆ ತಮ್ಮನ ಮೇಲೆ ಪ್ರೀತಿ ಇರುವುದಕ್ಕೇ ಆ ಯೋಚನೆ ಅಷ್ಟು ಭಯಂಕರವಾಗಿ ಕಾಣುತ್ತದೆ. ಗೀಳು ಬಹಳ ಸಲ ಮಗುವಿಗೆ ಯಾವುದು ಪ್ರಾಣವೋ ಅದನ್ನೇ ಹಿಡಿದು ಎಳೆಯುತ್ತದೆ. ಅವಳು ನಿಮ್ಮನ್ನು ಕೇಳುತ್ತಾಳೆ, ನೀವು "ಇಲ್ಲ ಪುಟ್ಟಾ" ಅನ್ನುತ್ತೀರಿ. ಎದೆ ಹಗುರವಾಗುತ್ತದೆ, ಒಂದು ನಿಮಿಷ. ಆಮೇಲೆ, "ಅಮ್ಮ ಸರಿಯಾಗಿ ಕೇಳಿಸಿಕೊಂಡಳಾ? ದನಿ ಬೇರೆ ಥರ ಇತ್ತಲ್ಲ?" ಮತ್ತೆ ಪ್ರಶ್ನೆ. ತುರಿಕೆಯ ಹಾಗೆ ಇದು. ಕೆರೆದ ಕ್ಷಣ ಹಿತ, ಕೆರೆದಷ್ಟೂ ತುರಿಕೆ ಜಾಸ್ತಿ. ಪ್ರತಿ ಉತ್ತರದಿಂದ ಅವಳ ಮಿದುಳು ಕಲಿಯುತ್ತಿರುವುದು "ಭಯ ಸುಳ್ಳು" ಎಂದಲ್ಲ. "ಅಮ್ಮ ಹೇಳಿದ್ದಕ್ಕೆ ಬಚಾವಾದೆ" ಎಂದು.

ಇದರಲ್ಲಿ ನಿಮ್ಮ ತಪ್ಪಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಅಳುವ ಮಗುವಿಗೆ ಸಮಾಧಾನ ಹೇಳುವುದು ತಾಯಿ ಮಾಡುವ ಮೊದಲ ಕೆಲಸ. ಮಾಮೂಲಿ ಭಯಕ್ಕೆ ಅದು ಮದ್ದು. ಈ ಕಾಯಿಲೆಯಲ್ಲಿ ಅದು ಕಾಯಿಲೆಗೆ ಹೊಟ್ಟೆ ತುಂಬಿಸುತ್ತದೆ. ಇದನ್ನು ಯಾರೂ ಹೇಳಿಕೊಡದೆ ಗೊತ್ತಾಗುವುದಿಲ್ಲ.

ಹಾಗಂತ ನಾಳೆಯಿಂದ ಉತ್ತರ ಪೂರ್ತಿ ನಿಲ್ಲಿಸಿಬಿಡಬೇಡಿ. ಥೆರಪಿ ಮಾಡುವವರ ಜೊತೆ ಕೂತು ನಿಧಾನವಾಗಿ ಇಳಿಸಬೇಕು. ಶುರು ಮಾಡುವುದು ಹೀಗೆ. ರಾತ್ರಿ ಅಲ್ಲ, ಭಯ ಇಲ್ಲದ ಹೊತ್ತಿನಲ್ಲಿ, ಆಟ ಆಡಿ ಬಂದು ಖುಷಿಯಾಗಿ ಕೂತಿರುವಾಗ ಅವಳ ಜೊತೆ ಮಾತಾಡಿ. "ರಾತ್ರಿ ನೀನು ಕೇಳೋ ಪ್ರಶ್ನೆ ಇದೆಯಲ್ಲ, ಅದನ್ನ ಕೇಳಿಸೋದು ನೀನಲ್ಲ, ಒಸಿಡಿ. ನಾನು ಉತ್ತರ ಕೊಟ್ಟಷ್ಟೂ ಅದಕ್ಕೆ ಶಕ್ತಿ ಬರುತ್ತೆ ಅಂತ ಗೊತ್ತಾಯ್ತು. ನಾವಿಬ್ರೂ ಸೇರಿ ಅದನ್ನ ಕಡಿಮೆ ಮಾಡೋಣ." ಅವಳು ಬೇಕಾದರೆ ಅದಕ್ಕೊಂದು ಹೆಸರಿಡಲಿ. ಹತ್ತು ವರ್ಷದ ಮಗುವಿಗೆ ಕಾಯಿಲೆಯನ್ನು ತನ್ನಿಂದ ಬೇರೆ ಮಾಡಿ ನೋಡುವುದಕ್ಕೆ ಇದು ಬಹಳ ಸಹಾಯ ಮಾಡುತ್ತದೆ. ಆಮೇಲೆ ಒಂದು ಸಂಖ್ಯೆ ಒಪ್ಪಿಕೊಳ್ಳಿ. ಈ ವಾರ ರಾತ್ರಿಗೆ ಹತ್ತು ಉತ್ತರ. ಹತ್ತು ಚೀಟಿ ಅವಳ ಕೈಗೆ ಕೊಡಿ. ಒಂದು ಪ್ರಶ್ನೆಗೆ ಒಂದು ಚೀಟಿ ವಾಪಸ್ ಕೊಡಬೇಕು. ಯಾವಾಗ ಖರ್ಚು ಮಾಡಬೇಕು ಅನ್ನುವುದು ಅವಳದ್ದೇ ಲೆಕ್ಕ. ಈ ಚೀಟಿ ನನಗೆ ಇಷ್ಟ. ಕೇಳುವ ಮುಂಚೆ ಅವಳು ಒಂದು ಕ್ಷಣ ನಿಲ್ಲುತ್ತಾಳೆ, "ಇದಕ್ಕೆ ಖರ್ಚು ಮಾಡಲಾ?" ಎಂದು ಯೋಚಿಸುತ್ತಾಳೆ. ಗೀಳಿಗೂ ಕ್ರಿಯೆಗೂ ನಡುವೆ ಬಂದ ಆ ಒಂದು ಕ್ಷಣದಲ್ಲೇ ಇಡೀ ಚಿಕಿತ್ಸೆ ಇದೆ.

ಚೀಟಿ ಮುಗಿದ ಮೇಲೆ ಏನು ಹೇಳಬೇಕು? ವಾದ ಬೇಡ. "ನಿನ್ನಂಥ ಒಳ್ಳೆ ಹುಡುಗಿ ಹಾಗೆಲ್ಲ ಮಾಡ್ತಾಳಾ" ಎಂಬ ತರ್ಕವೂ ಬೇಡ, ಅದೂ ಉತ್ತರವೇ. ಹೀಗೆ ಹೇಳಿ: "ಈಗ ನಿಂಗೆ ತುಂಬಾ ಕಷ್ಟ ಆಗ್ತಿದೆ ಅಂತ ನಂಗೆ ಗೊತ್ತು. ಇದು ಒಸಿಡಿ ಪ್ರಶ್ನೆ, ಇದಕ್ಕೆ ನಾನು ಉತ್ತರ ಕೊಡಲ್ಲ. ನಿನ್ನ ಕೈಲಿ ತಡಕೊಳ್ಳೋಕೆ ಆಗುತ್ತೆ." ಇಷ್ಟೇ. ಮತ್ತೆ ಕೇಳಿದರೆ ಚಿಕ್ಕದಾಗಿ ಅದನ್ನೇ. ಪಕ್ಕದಲ್ಲಿ ಕೂತಿರಿ, ಬೆನ್ನು ಸವರಿ, ಬೇರೆ ಮಾತಾಡಿ. ನಿಲ್ಲಿಸುವುದು ಆ ಒಂದು ಉತ್ತರವನ್ನು ಮಾತ್ರ, ನಿಮ್ಮನ್ನು ಅಲ್ಲ.

ಮೊದಲ ಕೆಲವು ದಿನ ಪರಿಸ್ಥಿತಿ ಕೆಡುತ್ತದೆ. ಹೇಳಿಯೇ ಬಿಡುತ್ತೇನೆ, ಇಲ್ಲದಿದ್ದರೆ ಮೂರನೇ ರಾತ್ರಿಗೆ ನೀವು ಕೈಬಿಡುತ್ತೀರಿ. ಅವಳು ಕೂಗಾಡಬಹುದು, "ನಿಂಗೆ ನನ್ನ ಮೇಲೆ ಪ್ರೀತಿನೇ ಇಲ್ಲ" ಅನ್ನಬಹುದು, ನಿಮ್ಮ ಹತ್ತಿರ ಸಿಗದ ಉತ್ತರಕ್ಕೆ ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ ಓಡಬಹುದು. ಅದಕ್ಕೇ ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ನೀವು ಹತ್ತಕ್ಕೆ ನಿಲ್ಲಿಸಿ, ಅವರು ಕನಿಕರದಿಂದ ಹನ್ನೊಂದನೆಯದನ್ನು ಕೊಟ್ಟರೆ, "ಜೋರಾಗಿ ಅತ್ತರೆ ಉತ್ತರ ಸಿಗುತ್ತದೆ" ಎಂಬ ಪಾಠ ಗಟ್ಟಿಯಾಗುತ್ತದೆ. ಹಾಗೆ ಆಗುವುದಾದರೆ ಹತ್ತಕ್ಕಿಂತ ಇಪ್ಪತ್ತಕ್ಕೇ ಒಪ್ಪಿಕೊಂಡು, ಇಪ್ಪತ್ತಕ್ಕೆ ಗಟ್ಟಿಯಾಗಿ ನಿಲ್ಲುವುದು ವಾಸಿ. ಬೈಯುವುದು, ಹೊಡೆಯುವುದು, "ತಮ್ಮನ ಎದುರು ನಾಚಿಕೆ ಆಗಲ್ವಾ" ಅನ್ನುವುದು ಯಾವುದೂ ಬೇಡ. ಅವಳು ಹಟ ಮಾಡುತ್ತಿಲ್ಲ.

ಬಚ್ಚಿಟ್ಟ ಚಾಕು ಕತ್ತರಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಅವಳು ಕೇಳಿದಳೆಂದು ಬಚ್ಚಿಟ್ಟಾಗ ನೀವು ಬಾಯಿಬಿಡದೆ ಹೇಳಿದ್ದು: "ಹೌದು, ನೀನು ಅಪಾಯ." ಒಸಿಡಿಯ ಇಂಥ ಯೋಚನೆ ಇರುವ ಮಗು ಆ ಯೋಚನೆಯನ್ನು ಕಂಡು ನಡುಗುತ್ತದೆ, ಅದು ಆಸೆಯಲ್ಲ. ಅವು ಒಂದೊಂದಾಗಿ ಜಾಗಕ್ಕೆ ಬರಬೇಕು, ಆದರೆ ಇದನ್ನು ಚಿಕಿತ್ಸಕರ ಪಟ್ಟಿಗೆ ಸೇರಿಸಿ, ಅವರು ಹೇಳಿದ ಹೊತ್ತಿಗೆ ಮಾಡಿ. ಮೇಲೆ ಹೇಳಿದ ಸಾಯುವ ಮಾತು, ತನಗೆ ನೋವು ಮಾಡಿಕೊಳ್ಳುವುದು ಇದ್ದರೆ ಮಾತ್ರ ಲೆಕ್ಕ ಬೇರೆ. ಆಗ ಚೂಪಾದ ವಸ್ತು ದೂರ ಇಡಲೇಬೇಕು. ಯಾವುದು ಯಾವುದು ಎಂದು ನಿಮಗೆ ಗೊತ್ತಾಗದಿದ್ದರೆ ಊಹೆ ಮಾಡಬೇಡಿ, ಡಾಕ್ಟರನ್ನು ಕೇಳಿ.

ಚಿಲಕ ಮುಟ್ಟುವುದನ್ನು ತಡೆಯುವ ಗೋಜಿಗೆ ಈಗ ಹೋಗಬೇಡಿ. ಒಂದು ಸಲಕ್ಕೆ ಒಂದೇ.

ಮಾತ್ರೆ ಕೊಡುವ ವಿಷಯದಲ್ಲಿ ಇನ್ನೂ ಒಂದಿಷ್ಟು ಹೇಳಬೇಕು. ಇದನ್ನು ಒಬ್ಬರ ಜವಾಬ್ದಾರಿ ಮಾಡಿ. ಇಬ್ಬರೂ ಕೊಡುತ್ತೇವೆ ಎಂದಲ್ಲಿ ಒಂದು ದಿನ ಎರಡು ಸಲ ಹೋಗುತ್ತದೆ, ಇನ್ನೊಂದು ದಿನ ಹೋಗುವುದೇ ಇಲ್ಲ. ವಾರದ ಏಳು ಮನೆ ಇರುವ ಮಾತ್ರೆ ಡಬ್ಬಿ ಇಟ್ಟುಕೊಂಡರೆ ಕೊಟ್ಟೆನಾ ಇಲ್ಲವಾ ಎಂಬ ಅನುಮಾನ ಇರುವುದಿಲ್ಲ. ಹಲ್ಲುಜ್ಜಿದ ಮೇಲೆ ಅಥವಾ ತಿಂಡಿಯ ಜೊತೆ, ಹೀಗೆ ಯಾವುದಾದರೂ ನಿತ್ಯದ ಕೆಲಸಕ್ಕೆ ಗಂಟು ಹಾಕಿ. ಹೊಟ್ಟೆ ತೊಳೆಸಿದರೆ ತಿಂದ ಮೇಲೆ ಕೊಡಿ. ಡಬ್ಬಿ ಬೀಗದೊಳಗೆ ಇರಲಿ, ಮನೆಯಲ್ಲಿ ಚಿಕ್ಕ ಮಗುವೂ ಇದೆ. ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿ.

ಒಸಿಡಿ ಇರುವ ಮಕ್ಕಳಲ್ಲಿ ಒಂದು ವಿಶೇಷ ತೊಡಕಿದೆ. ಗೀಳು ಮಾತ್ರೆಯನ್ನೂ ಬಿಡುವುದಿಲ್ಲ. "ಇದರಲ್ಲಿ ವಿಷ ಇದ್ರೆ?", "ನಾಲ್ಕು ಗುಟುಕು ನೀರಲ್ಲೇ ನುಂಗಬೇಕು", "ಬಲಗೈಲಿ ತಗೊಂಡ್ರೆ ಮಾತ್ರ ಸರಿ" ಎಂದೆಲ್ಲ ಶುರುವಾಗಬಹುದು. ಮಾತ್ರೆ ದಿಂಬಿನ ಕೆಳಗೆ ಸಿಕ್ಕಿದರೆ ಮೊದಲು ಕೋಪ ಮಾಡಿಕೊಳ್ಳಬೇಡಿ, ಹೆದರಿಕೆ ಏನು ಎಂದು ಕೇಳಿ. ಎಷ್ಟೇ ಕಷ್ಟವಾದರೂ ಅವಳಿಗೆ ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ ಮಾತ್ರ ಕೊಡಬೇಡಿ. ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಅವತ್ತಿನಿಂದ ಮಾತ್ರೆಯ ಮೇಲಷ್ಟೇ ಅಲ್ಲ, ನೀವು ಬಡಿಸಿದ ಪ್ರತಿ ತುತ್ತಿನ ಮೇಲೂ ಅನುಮಾನ. ನುಂಗಲು ಬಾರದಿದ್ದರೆ ದ್ರವ ರೂಪ ಸಿಗುತ್ತದಾ, ಅರ್ಧ ಮಾಡಬಹುದಾ ಎಂದು ಕೇಳಿ.

ಕೆಮ್ಮು, ಜ್ವರ ಎಂದು ಬೇರೆ ಡಾಕ್ಟರ ಹತ್ತಿರ ಹೋದಾಗ ಸೆರ್ಟ್ರಾಲಿನ್ ತೆಗೆದುಕೊಳ್ಳುತ್ತಿದ್ದಾಳೆ ಎಂದು ಹೇಳಲೇಬೇಕು. ಕೆಲವು ಕೆಮ್ಮಿನ ಸಿರಪ್‌ನಲ್ಲಿ ಇರುವ ಡೆಕ್ಸ್‌ಟ್ರೊಮೆಥಾರ್ಫಾನ್ ಇದರ ಜೊತೆ ಸೇರುವುದು ಒಳ್ಳೆಯದಲ್ಲ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಜೊತೆಯಾದರೆ ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ. ಗಿಡಮೂಲಿಕೆಯದು, ಏನೂ ಆಗಲ್ಲ ಎಂದು ಯಾರಾದರೂ ಕೊಟ್ಟದ್ದನ್ನೂ ಕೇಳದೆ ಕೊಡಬೇಡಿ.

12 ವಾರ ಸರಿಯಾದ ಡೋಸ್ ಹೋಗಿ, ಥೆರಪಿಯೂ ನಡೆದು, ಆಗಲೂ ಸಾಲದಿದ್ದರೆ ದಾರಿ ಮುಗಿಯಿತು ಎಂದಲ್ಲ. ಇದೇ ಗುಂಪಿನ ಫ್ಲುಯೊಕ್ಸೆಟಿನ್, ಫ್ಲುವೊಕ್ಸಮಿನ್ ಇವೆ. ಒಂದು ಆಗಿಬಾರದ ಮಗುವಿಗೆ ಇನ್ನೊಂದು ಆಗಿಬರಬಹುದು. ಕ್ಲೋಮಿಪ್ರಮಿನ್ ಹಳೆಯ ಔಷಧ, ಒಳ್ಳೆಯ ಕೆಲಸ ಮಾಡುತ್ತದೆ, ಆದರೆ ಹೃದಯದ ಇಸಿಜಿ ನೋಡಿಕೊಂಡು ಕೊಡಬೇಕಾದ್ದು. ಅದು ಆಮೇಲಿನ ಮಾತು, ಈಗ ತಲೆ ಕೆಡಿಸಿಕೊಳ್ಳಬೇಡಿ.

ಶಾಲೆಯಲ್ಲಿ ಒಬ್ಬ ಟೀಚರಿಗಾದರೂ ವಿಷಯ ಗೊತ್ತಿರಲಿ, ಅದೂ ಮಗಳನ್ನು ಕೇಳಿಯೇ. ತಮ್ಮನಿಗೂ ಅವನ ವಯಸ್ಸಿಗೆ ತಕ್ಕ ಹಾಗೆ, "ಅಕ್ಕನ ತಲೇಲಿ ಒಂದು ಹೆದರಿಕೆ ಮತ್ತೆ ಮತ್ತೆ ಬರುತ್ತೆ, ವಾಸಿ ಮಾಡ್ತಿದ್ದೀವಿ" ಎಂದಷ್ಟು ಹೇಳಿದರೆ ಸಾಕು.

ಎಷ್ಟು ದಿನ ಕೊಡಬೇಕು ಎಂದು ಕೇಳಿದಿರಿ. ಲಕ್ಷಣಗಳು ಚೆನ್ನಾಗಿ ಹತೋಟಿಗೆ ಬಂದ ಮೇಲೆ, ಆ ದಿನದಿಂದ ಲೆಕ್ಕ ಹಾಕಿ ಕಡಿಮೆ ಎಂದರೆ 6ರಿಂದ 12 ತಿಂಗಳು ಅದೇ ಡೋಸ್ ಮುಂದುವರಿಸುತ್ತಾರೆ. ಆಮೇಲೆ ಕೆಲವು ತಿಂಗಳಲ್ಲಿ ಹಂತ ಹಂತವಾಗಿ ಇಳಿಸುತ್ತಾರೆ. ಪರೀಕ್ಷೆ, ಮನೆ ಬದಲಾವಣೆ, ಹೊಸ ಶಾಲೆ ಇಲ್ಲದ ಸಮಾಧಾನದ ದಿನಗಳಲ್ಲಿ ಇದನ್ನು ಮಾಡುವುದು ಒಳ್ಳೆಯದು. ಕೆಲವು ಮಕ್ಕಳಲ್ಲಿ ಇಳಿಸುವಾಗ ಗೀಳು ಮತ್ತೆ ಇಣುಕುತ್ತದೆ. ಆಗ ಹಿಂದಿನ ಡೋಸಿಗೆ ಹೋಗಿ ಇನ್ನಷ್ಟು ದಿನ ಕಾಯುತ್ತಾರೆ. ಇಆರ್‌ಪಿ ಚೆನ್ನಾಗಿ ಕಲಿತ ಮಗುವಿಗೆ ಅಂಥ ಹೊತ್ತಿನಲ್ಲಿ ಕೈಯಲ್ಲಿ ಒಂದು ಉಪಾಯ ಇರುತ್ತದೆ. ಮಾತ್ರೆ ನಡೆಯುತ್ತಿರುವಾಗಲೇ ಆ ಕಲಿಕೆಯೂ ಆಗಬೇಕು. ಚೀಟಿಯ ಕೆಲಸವನ್ನು ಮಾತ್ರೆ ಹಿಡಿದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಬೇಡಿ ಎನ್ನುವುದು ಇದಕ್ಕೇ.

ಕೊನೆಗೆ ಅವಳ ಪ್ರಶ್ನೆ. "ನಾನು ಯಾವಾಗ ಮಾತ್ರೆ ಬಿಡೋದು?" ಎಂದು ಮೊದಲ ಸಲ ಕೇಳಿದಾಗ ಅದು ನಿಜವಾದ ಪ್ರಶ್ನೆ, ಅದಕ್ಕೆ ನಿಜವಾದ ಉತ್ತರ ಕೊಡಿ. ತಾರೀಖು ಹೇಳಬೇಡಿ, "ಬೇಗ ಬಿಡಬಹುದು" ಎಂದು ಸುಳ್ಳೂ ಹೇಳಬೇಡಿ. "ಇದು ವರ್ಷದ ಹತ್ರ ಬೇಕಾಗಬಹುದು, ಜಾಸ್ತಿನೂ ಆಗಬಹುದು. ಮಾತ್ರೆ ನಿನ್ನ ಹೆದರಿಕೆಯನ್ನ ಸ್ವಲ್ಪ ಮೆತ್ತಗೆ ಮಾಡುತ್ತೆ. ಆಗ ನೀನು ಚೀಟಿ ಆಟದಲ್ಲಿ ಅದನ್ನ ಸೋಲಿಸೋದನ್ನ ಕಲಿ. ಯಾವಾಗ ಇಳಿಸಬೇಕು ಅಂತ ಡಾಕ್ಟರು, ನಾನು, ಅಪ್ಪ, ನೀನು ನಾಲ್ಕೂ ಜನ ಕೂತು ಮಾತಾಡೋಣ." ಅದೇ ಪ್ರಶ್ನೆಯನ್ನು ಅದೇ ರಾತ್ರಿ ಹತ್ತನೆಯ ಸಲ ಕೇಳಿದರೆ, ಅದಕ್ಕೂ ಒಂದು ಚೀಟಿ.